ಚಕ್ರದ ಸದ್ದು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ನಿಲ್ಲಿಸಬೇಕು

ನಮ್ಮ ಸದಸ್ಯರಲ್ಲಿ ಬಹುಮಂದಿಗೆ ಜೀಪು, ಪಿಕಪ್ಪು ಅಥವಾ ಹಳೆಯ ಕಾರು ಕೈಕಾಲಿದ್ದಂತೆ. ಗೊಬ್ಬರ ತರುವುದು, ಕಾಫಿ ಚೀಲಗಳನ್ನು ಕ್ಯೂರಿಂಗ್ ವರ್ಕ್ಸಿಗೆ ಮುಟ್ಟಿಸುವುದು, ಅಡಿಕೆಯನ್ನು ಸಂಘಕ್ಕೆ ಸಾಗಿಸುವುದು, ನಡುರಾತ್ರಿ ಯಾರಿಗಾದರೂ ಮೈ ಹುಷಾರು ತಪ್ಪಿದರೆ ಆಸ್ಪತ್ರೆಗೆ ಓಡುವುದು, ಎಲ್ಲಕ್ಕೂ ಅದೇ ವಾಹನ. ಆದರೆ ಎಂಜಿನ್ನಿಗೆ ಸಿಗುವ ಗಮನ ಚಕ್ರಗಳಿಗೆ ಸಿಗುವುದಿಲ್ಲ. ಚಕ್ರದಿಂದ ಹೊಸ ಸದ್ದು ಬಂದರೆ ಕೆಲವರು "ಹಳೆ ಗಾಡಿ, ಸದ್ದು ಇದ್ದದ್ದೇ" ಎಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಗಾಬರಿಯಿಂದ ಪೇಟೆಗೆ ಒಯ್ದು ಬೇಡದ ಬಿಡಿಭಾಗಗಳಿಗೆಲ್ಲ ಹಣ ಸುರಿಯುತ್ತಾರೆ. ಎರಡನೆಯದರಿಂದ ಹೋಗುವುದು ಹಣ ಮಾತ್ರ; ಮೊದಲನೆಯದರಿಂದ ಘಟ್ಟದ ಇಳಿಜಾರಿನಲ್ಲಿ ಪ್ರಾಣಕ್ಕೇ ಸಂಚಕಾರ ಬರಬಹುದು. ಆದ್ದರಿಂದ ಸದ್ದನ್ನು ಗುರುತಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಕಿವಿಗೊಡಿ

ವಾಹನ ನಿಂತಿರುವಾಗ ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಏರಿಸಿ ನೋಡಿ. ಆಗಲೂ ಸದ್ದು ಬಂದರೆ ಅದು ಚಕ್ರದ್ದಲ್ಲ. ಓಡುವಾಗ ಮಾತ್ರ ಬಂದು, ಗೇರು ಯಾವುದೇ ಇರಲಿ, ವೇಗದೊಡನೆ ಏರಿ ವೇಗದೊಡನೆ ಇಳಿದರೆ ಅದು ಚಕ್ರದ ಕಡೆಯದು ಎಂದು ಭಾವಿಸಬಹುದು. ಅನಂತರ ಮೂರು ಪ್ರಶ್ನೆ ಹಾಕಿಕೊಳ್ಳಿ. ಬ್ರೇಕು ತುಳಿದಾಗ ಸದ್ದು ಬದಲಾಗುತ್ತದೆಯೇ? ತಿರುವಿನಲ್ಲಿ ಹೆಚ್ಚು ಕಡಿಮೆಯಾಗುತ್ತದೆಯೇ? ರಸ್ತೆ ಬದಲಾದಾಗ ಸದ್ದೂ ಬದಲಾಗುತ್ತದೆಯೇ?

ಟಿಕ್ ಟಿಕ್ ಸದ್ದು: ನೇರ ರಸ್ತೆಯಲ್ಲಿ ಚಕ್ರದ ಸುತ್ತಿಗೊಂದರಂತೆ ಬಂದರೆ ಟಯರಿನ ಪಟ್ಟಿಯಲ್ಲಿ ಕಲ್ಲೋ ಮೊಳೆಯೋ ಸಿಕ್ಕಿರುತ್ತದೆ. ಕಲ್ಲಾದರೆ ಸ್ಕ್ರೂಡ್ರೈವರಿನಿಂದ ಕಿತ್ತರೆ ಆಯಿತು. ಮೊಳೆಯಾದರೆ ಗಾಳಿ ಇಳಿಯಬಹುದಾದ್ದರಿಂದ ಪಂಕ್ಚರ್ ಅಂಗಡಿಯಲ್ಲೇ ಕೀಳಿಸುವುದು ಉತ್ತಮ.

ಕಿರ್ರ್ ಎಂಬ ಕೀರಲು ಸದ್ದು: ಜಲ್ಲಿ ರಸ್ತೆಯಲ್ಲಿ ಹೋಗಿ ಬಂದೊಡನೆ ಶುರುವಾದರೆ, ಬ್ರೇಕಿನ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಹರಳು ಸಿಕ್ಕಿರಬಹುದು. ವಾಹನವನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ಓಡಿಸಿದರೆ ಹಲವು ಸಲ ಅದು ತಾನಾಗಿ ಉದುರುತ್ತದೆ. ಮಳೆಗಾಲದ ಬೆಳಗ್ಗೆ ಮೊದಲ ಕೆಲವು ಬ್ರೇಕಿನಲ್ಲಿ ಮಾತ್ರ ಕೇಳಿಸುವ ಸದ್ದು ರಾತ್ರಿ ಹಿಡಿದ ತೆಳು ತುಕ್ಕಿನದು, ಚಿಂತೆ ಬೇಡ. ಆದರೆ ಸದ್ದು ದಿನವೂ ಇದ್ದರೆ ಪ್ಯಾಡು ಸವೆದಿದೆಯೆಂದು ತಿಳಿಯಬೇಕು. ತುಳಿದಾಗ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದಂತೆ ಕರಕರ ಎಂದರೆ ಪ್ಯಾಡು ಅಥವಾ ಲೈನರು ಮುಗಿದೇ ಹೋಗಿದೆ. ಆ ವಾಹನದಲ್ಲಿ ಘಟ್ಟ ಇಳಿಯಕೂಡದು. ಬದಲಾಯಿಸುವಾಗ ಎಡ ಬಲ ಎರಡು ಚಕ್ರಗಳಿಗೂ ಜೊತೆಯಾಗಿಯೇ ಹಾಕಿಸಬೇಕು. ಇಲ್ಲವಾದರೆ ಬ್ರೇಕು ಒಂದು ಕಡೆಗೆ ಎಳೆಯುತ್ತದೆ.

ಗುಂಯ್ ಎಂಬ ಸದ್ದು: ವೇಗದೊಡನೆ ಏರುವ ಈ ಸದ್ದಿಗೆ ಎರಡು ಮುಖ್ಯ ಕಾರಣ, ಟಯರು ಅಥವಾ ಬೇರಿಂಗು. ನುಣುಪಾದ ಡಾಂಬರಿನಲ್ಲಿ ಒಂದು ಬಗೆ, ಒರಟು ರಸ್ತೆಯಲ್ಲಿ ಇನ್ನೊಂದು ಬಗೆ ಕೇಳಿಸಿದರೆ ಟಯರಿನದು. ವಾಹನ ನಿಲ್ಲಿಸಿ ಟಯರಿನ ಮೇಲೆ ಅಂಗೈ ಸವರಿ. ಗರಗಸದ ಹಲ್ಲಿನಂತೆ ಏರುತಗ್ಗು ಸಿಕ್ಕಿದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಷಾಕ್ ಅಬ್ಸಾರ್ಬರ್ ಸೋತಿದೆ. ರಸ್ತೆ ಯಾವುದಾದರೂ ಸದ್ದು ಒಂದೇ ಆಗಿದ್ದು ತಿರುವಿನಲ್ಲಿ ಬದಲಾದರೆ ಅದು ಬೇರಿಂಗು. ವಾಹನ ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆದ್ದರಿಂದ ಎಡ ತಿರುವಿನಲ್ಲಿ ಸದ್ದು ಹೆಚ್ಚಾದರೆ ಬಲಗಡೆಯ ಬೇರಿಂಗನ್ನೂ, ಬಲ ತಿರುವಿನಲ್ಲಿ ಹೆಚ್ಚಾದರೆ ಎಡಗಡೆಯದನ್ನೂ ಮೊದಲು ನೋಡಿಸಬೇಕು.

ಕಟಕಟ ಸದ್ದು: 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂತೆ ಮುಂದಿನ ಚಕ್ರಕ್ಕೆ ಎಳೆತವಿರುವ ಕಾರುಗಳಲ್ಲಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಈ ಸದ್ದು ಬಂದರೆ ಆಕ್ಸಲ್ ತುದಿಯ ಜಾಯಿಂಟು ಸವೆದಿದೆ ಎಂದರ್ಥ. ಅದರ ರಬ್ಬರ್ ಬೂಟು ಹರಿದು, ಗ್ರೀಸು ಹೋಗಿ ಮಣ್ಣು ಸೇರುವುದೇ ಮೂಲ ಕಾರಣ. ಸದ್ದು ಬರುವ ಮೊದಲೇ ಹರಿದ ಬೂಟನ್ನು ಕಂಡು ಬದಲಾಯಿಸಿ ಗ್ರೀಸು ತುಂಬಿಸಿದರೆ ಜಾಯಿಂಟಿನ ಖರ್ಚು ಉಳಿಯುತ್ತದೆ. ಜೀಪಿನಲ್ಲಿ ಗೇರಿಗೆ ಹಾಕಿ ಕ್ಲಚ್ ಬಿಟ್ಟೊಡನೆ ಠಣ್ ಎಂದರೆ ಚಕ್ರಕ್ಕಿಂತ ಮೊದಲು ಪ್ರೊಪೆಲ್ಲರ್ ಷಾಫ್ಟಿನ ಕ್ರಾಸನ್ನು ನೋಡಬೇಕು.

ಜಾಕಿ ಕೊಟ್ಟು ನೋಡುವುದು

ಸಮತಟ್ಟಾದ ಗಟ್ಟಿ ನೆಲದಲ್ಲಿ ವಾಹನ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಮುಂದಿನ ಚಕ್ರವೊಂದನ್ನು ಜಾಕಿಯಿಂದ ಎತ್ತಿ. ಜಾಕಿಯೊಂದನ್ನೇ ನಂಬಿ ವಾಹನದ ಅಡಿಗೆ ಎಂದೂ ನುಸುಳಬಾರದು. ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಾಡಿಸಿ. ಆಟ ಕಂಡುಬಂದರೆ ಇನ್ನೊಬ್ಬರಿಗೆ ಬ್ರೇಕು ತುಳಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕು ತುಳಿದಾಗ ಆಟ ನಿಂತರೆ ದೋಷ ಬೇರಿಂಗಿನದು. ನಿಲ್ಲದಿದ್ದರೆ ಬಾಲ್ ಜಾಯಿಂಟು ಅಥವಾ ಕಿಂಗ್ ಪಿನ್ನಿನದು. 3 ಮತ್ತು 9ರ ಜಾಗದಲ್ಲಿ ಮಾತ್ರ ಆಟವಿದ್ದರೆ ಸ್ಟಿಯರಿಂಗಿನ ಟೈರಾಡ್ ತುದಿಯನ್ನು ಪರೀಕ್ಷಿಸಬೇಕು. ಕೊನೆಗೆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ. ಬೀಸುವ ಕಲ್ಲಿನಂತೆ ಗರಗರ ಎಂದರೆ ಬೇರಿಂಗು ಕೆಟ್ಟಿದೆ.

ಹಳೆಯ ಜೀಪುಗಳ ಮುಂಚಕ್ರದ ಬೇರಿಂಗುಗಳನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಗುಳಿ ಬಿದ್ದಿಲ್ಲವೆಂದು ಖಚಿತ ಮಾಡಿಕೊಂಡು, ಬೇರಿಂಗಿಗೆಂದೇ ಇರುವ ಗ್ರೀಸು ತುಂಬಿ ಮತ್ತೆ ಕೂರಿಸಬಹುದು. ಹಳೆಯ ಗ್ರೀಸು ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಸೀಲನ್ನೂ ಬದಲಾಯಿಸಬೇಕು. ನಟ್ಟನ್ನು ಅತಿಯಾಗಿ ಬಿಗಿದರೆ ಬೇರಿಂಗು ಕಾಯ್ದು ಹಾಳಾಗುತ್ತದೆ, ಸಡಿಲ ಬಿಟ್ಟರೆ ಚಕ್ರ ಆಡುತ್ತದೆ. ಆದ್ದರಿಂದ ಈ ಕೆಲಸವನ್ನು ಬಲ್ಲ ಮೆಕ್ಯಾನಿಕನಿಂದಲೇ ಮಾಡಿಸತಕ್ಕದ್ದು. ಈಗಿನ ಬಹುತೇಕ ಕಾರುಗಳ ಬೇರಿಂಗು ಮುಚ್ಚಿದ ಬಗೆಯದು. ಅದಕ್ಕೆ ಗ್ರೀಸು ಹಾಕುವಂತಿಲ್ಲ, ಹೊಸದನ್ನೇ ಹಾಕಿಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ಹೊಸದೂ ಬೇಗ ಕೂಗಲು ಶುರುಮಾಡುತ್ತದೆ. ಪ್ರೆಸ್ ಇರುವ ವರ್ಕ್‌ಶಾಪೇ ಆಗಬೇಕು.

ತೋಟದವರು ಗಮನಿಸಬೇಕಾದದ್ದು

ಹಳ್ಳ ದಾಟುವಾಗ ಚಕ್ರದ ಗುಂಬ ಮುಳುಗಿದರೆ ಬೇರಿಂಗಿಗೂ ಬ್ರೇಕಿನ ಡ್ರಮ್ಮಿಗೂ ನೀರು ಹೋಗುವ ಸಂಭವವಿದೆ. ದಡ ಸೇರಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಓಡಿಸಿದರೆ ಅದು ಒಣಗುತ್ತದೆ. ಅಡಿಕೆಗೆ ಬೋರ್ಡೋ ಸಿಂಪಡಿಸುವ ಕಾಲದಲ್ಲಿ ಮೈಲುತುತ್ತದ ನೀರು ಚೆಲ್ಲಿದ ವಾಹನವನ್ನು ಅಂದೇ ಶುದ್ಧ ನೀರಿನಿಂದ ತೊಳೆಯಬೇಕು. ಮೈಲುತುತ್ತ ಕಬ್ಬಿಣವನ್ನು ತಿನ್ನುವುದರಿಂದಲೇ ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆನ್ನುವುದು. ಚಕ್ರದ ನಟ್ಟು, ಬ್ರೇಕಿನ ಪೈಪುಗಳಿಗೂ ಇದೇ ಮಾತು. ಆದರೆ ತೊಳೆಯುವ ಪಂಪಿನ ರಭಸದ ನೀರನ್ನು ಬೇರಿಂಗಿನ ಸೀಲಿಗೆ ನೇರವಾಗಿ ಹೊಡೆಯಕೂಡದು. ಹೇರು ಮಿತಿ ಮೀರಿದರೂ ಬೇರಿಂಗಿನ ಆಯುಷ್ಯ ತಗ್ಗುತ್ತದೆ.

ಚಕ್ರ ಬದಲಾಯಿಸಿದಾಗ ನಟ್ಟುಗಳನ್ನು ಸಾಲಾಗಿ ಬಿಗಿಯದೆ ಎದುರು ಬದುರಾಗಿ ಬಿಗಿದು, 50ರಿಂದ 100 ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು. ನಟ್ಟು ಸಡಿಲವಾದರೆ ಡಬ್ ಡಬ್ ಎಂಬ ಬಡಿತವೂ ಸ್ಟಿಯರಿಂಗಿನಲ್ಲಿ ನಡುಕವೂ ಕಂಡುಬರುತ್ತದೆ.

ಎಲ್ಲಿ ನಿಲ್ಲಿಸಬೇಕು?

ಡಬ್ ಡಬ್ ಬಡಿತ, ಕಬ್ಬಿಣ ಉಜ್ಜುವ ಸದ್ದು, ಚಕ್ರದ ಬಳಿ ಸುಟ್ಟ ವಾಸನೆ ಅಥವಾ ಹೊಗೆ, ಕೈಗೆ ತಿಳಿಯುವಷ್ಟು ಆಟ, ಈ ನಾಲ್ಕರಲ್ಲಿ ಒಂದು ಕಂಡರೂ ವಾಹನವನ್ನು ಅಲ್ಲೇ ಬದಿಗೆ ನಿಲ್ಲಿಸಿ. ನಟ್ಟು ಸಡಿಲವಾಗಿದ್ದಷ್ಟೇ ಆದರೆ ಬಿಗಿದು ನಿಧಾನವಾಗಿ ಹೋಗಬಹುದು. ಉಳಿದವಕ್ಕೆ ಮೆಕ್ಯಾನಿಕನನ್ನೇ ಕರೆಸುವುದು ಲೇಸು. ಬೇರಿಂಗಿನ ಗುಂಯ್ ಸದ್ದು ಈಗಷ್ಟೇ ಶುರುವಾಗಿದ್ದು ಆಟವಿಲ್ಲದಿದ್ದರೆ, ಹೇರು ಇಳಿಸಿ ನಿಧಾನವಾಗಿ ಹತ್ತಿರದ ವರ್ಕ್‌ಶಾಪು ಮುಟ್ಟಿಸಬಹುದು; ಆದರೆ ಮುಂದಿನ ವಾರಕ್ಕೆ ಎಂದು ತಳ್ಳಬಾರದು.

ವರ್ಕ್‌ಶಾಪಿಗೆ ಹೋದಾಗ "ಸದ್ದು ಬರುತ್ತಿದೆ" ಎಂದಷ್ಟೇ ಹೇಳದೆ, ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ, ಬ್ರೇಕು ತುಳಿದಾಗಲೋ ಬಿಟ್ಟಾಗಲೋ ಎಂಬುದನ್ನು ಬಿಡಿಸಿ ಹೇಳಿ. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದು ನೋಡಿ. ಮುಂಗಾರಿಗೆ ಮುನ್ನ ಒಮ್ಮೆ, ಮಳೆ ಕಳೆದು ಕೊಯ್ಲು ಶುರುವಾಗುವ ಮುನ್ನ ಇನ್ನೊಮ್ಮೆ ನಾಲ್ಕೂ ಚಕ್ರಗಳನ್ನು ಎತ್ತಿ ಪರೀಕ್ಷಿಸುವುದನ್ನು ರೂಢಿ ಮಾಡಿಕೊಳ್ಳಬೇಕೆಂದು ಎಲ್ಲ ಸದಸ್ಯರಲ್ಲಿ ನಮ್ಮ ಕೋರಿಕೆ.