ಫೈಬ್ರಾಯ್ಡ್: ಔಷಧಿಗೆ ಕುಗ್ಗಿದ ಗಡ್ಡೆ ಮತ್ತೆ ಬೆಳೆಯೋದ್ಯಾಕೆ?

"ಗರ್ಭಕೋಶದಲ್ಲಿ ಗಡ್ಡೆ ಇದೆ" ಅಂತ ಸ್ಕ್ಯಾನಿಂಗ್ ರಿಪೋರ್ಟ್ ಬಂದರೆ ಸಾಕು, ಮನೆಮಂದಿಗೆಲ್ಲ ಕ್ಯಾನ್ಸರ್ ಭಯ. ಆದರೆ ಇಂಥ ಗಡ್ಡೆಗಳಲ್ಲಿ ಬಹುಪಾಲು ಫೈಬ್ರಾಯ್ಡ್‌ಗಳು. ಗರ್ಭಕೋಶದ ಸ್ನಾಯುವಿನಲ್ಲೇ ಹುಟ್ಟುವ ಇವು ಕ್ಯಾನ್ಸರ್ ಅಲ್ಲ. ಎಷ್ಟೋ ಹೆಂಗಸರಿಗೆ ಇವು ಇರೋದೇ ಗೊತ್ತಾಗಲ್ಲ. ಕೆಲವರಿಗೆ ಮಾತ್ರ ಮುಟ್ಟಿನಲ್ಲಿ ವಿಪರೀತ ರಕ್ತಸ್ರಾವ, ಅದರಿಂದ ರಕ್ತಹೀನತೆ, ಮೆಟ್ಟಿಲು ಹತ್ತಿದರೂ ಸುಸ್ತು.

ಒಂದೊಂದು ಗಡ್ಡೆಯೂ ಶುರುವಾಗೋದು ಒಂದೇ ಒಂದು ಜೀವಕೋಶದಿಂದ. 2011ರಲ್ಲಿ ಫಿನ್ಲೆಂಡ್‌ನ ಹೆಲ್ಸಿಂಕಿಯ ಸಂಶೋಧಕರು 225 ಫೈಬ್ರಾಯ್ಡ್‌ಗಳನ್ನು ಪರೀಕ್ಷಿಸಿದಾಗ 159ರಲ್ಲಿ ಮೆಡ್12 ಎಂಬ ಜೀನ್ ಬದಲಾಗಿತ್ತು. ಅಂದರೆ ಹತ್ತರಲ್ಲಿ ಏಳು! ಬೇರೆ ಜೀನ್‌ಗಳು ಯಾವಾಗ, ಎಷ್ಟು ಕೆಲಸ ಮಾಡಬೇಕು ಅನ್ನೋದನ್ನು ನಿಯಂತ್ರಿಸುವ ಪ್ರೋಟೀನ್ ಗುಂಪಿನಲ್ಲಿ ಮೆಡ್12 ಒಂದು ಭಾಗ. ಇದು ಕೆಟ್ಟರೆ ಒಂದು ಬಲ್ಬ್ ಹೋದಂತಲ್ಲ, ಕಂಟ್ರೋಲ್ ಪ್ಯಾನೆಲ್ಲೇ ಕೆಟ್ಟಂತೆ.

ಪರಿಣಾಮ ಏನು? ಗಡ್ಡೆಯೊಳಗೆ ಕೊಲಾಜೆನ್ ತಯಾರಿಸುವ ಜೀನ್‌ಗಳೂ, ಅವುಗಳನ್ನು ಹುರಿದುಂಬಿಸುವ ಟಿಜಿಎಫ್-ಬೀಟಾ3 ಎಂಬ ಸಂಕೇತದ ಜೀನ್ ಕೂಡ ಅತಿಯಾಗಿ ಕೆಲಸ ಮಾಡುತ್ತವೆ. ಇಟ್ಟಿಗೆಗಿಂತ ಸಿಮೆಂಟೇ ಜಾಸ್ತಿಯಾದ ಗೋಡೆ ಇದ್ದಂತೆ, ಜೀವಕೋಶಗಳ ನಡುವೆ ಕೊಲಾಜೆನ್ ತುಂಬಿಕೊಳ್ಳುತ್ತೆ. ಗಡ್ಡೆ ಗಟ್ಟಿಯಾಗಿರೋದು ಇದಕ್ಕೇ.

ಇಷ್ಟೆಲ್ಲ ನಡೆಯೋದಕ್ಕೆ ಹಾರ್ಮೋನ್ ಬೇಕೇ ಬೇಕು. ಈಸ್ಟ್ರೋಜನ್ ಬಂದಾಗ ಗಡ್ಡೆಯ ಜೀವಕೋಶಗಳಲ್ಲಿ ಪ್ರೊಜೆಸ್ಟರಾನ್ ಗ್ರಾಹಕಗಳು ಹೆಚ್ಚುತ್ತವೆ. ಆಮೇಲೆ ಪ್ರೊಜೆಸ್ಟರಾನ್ ಬಂದು ಬೆಳವಣಿಗೆಗೆ ಚಾಲನೆ ಕೊಡುತ್ತೆ. ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್‌ಗಳು ಸಾಮಾನ್ಯವಾಗಿ ಕುಗ್ಗೋದು ಈ ಎರಡೂ ಇಳಿಯೋದರಿಂದ.

ಹಾರ್ಮೋನ್ ಚಿಕಿತ್ಸೆಯ ಉಪಾಯ ನಮ್ಮಂಥ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇಷ್ಟವಾಗುವಂಥದ್ದು. ಮೆದುಳು ಜಿಎನ್‌ಆರ್‌ಎಚ್ ಎಂಬ ಸಂಕೇತವನ್ನು ಒಂದು-ಒಂದೂವರೆ ಗಂಟೆಗೊಮ್ಮೆ ಪಲ್ಸ್ ರೂಪದಲ್ಲಿ ಕಳಿಸುತ್ತೆ. ಅಂಡಾಶಯ ಹಾರ್ಮೋನ್ ತಯಾರಿಸೋದು ಇದರ ಆಧಾರದ ಮೇಲೆ. ಲ್ಯೂಪ್ರೊಲೈಡ್‌ನಂಥ ಇಂಜೆಕ್ಷನ್ ಇದೇ ಸಂಕೇತವನ್ನು ಬಿಡುವಿಲ್ಲದೆ ಕೊಡುತ್ತೆ. ಮೊದಲು ಸ್ವಲ್ಪ ದಿನ ಹಾರ್ಮೋನ್ ಏರುತ್ತೆ. ಆಮೇಲೆ ಪಿಟ್ಯುಟರಿ ಗ್ರಂಥಿಯ ಗ್ರಾಹಕಗಳು ಸ್ಪಂದಿಸೋದನ್ನೇ ಬಿಡುತ್ತವೆ, ಅಂಡಾಶಯ ಸುಮ್ಮನಾಗುತ್ತೆ. ಕೊಲಾಜೆನ್ ಮತ್ತು ಟಿಜಿಎಫ್-ಬೀಟಾ ಜೀನ್‌ಗಳ ಅಬ್ಬರ ತಗ್ಗುತ್ತೆ. ಮೂರ್ನಾಲ್ಕು ತಿಂಗಳಲ್ಲಿ ಗಡ್ಡೆ ಮೂರನೇ ಒಂದರಿಂದ ಅರ್ಧದಷ್ಟು ಕುಗ್ಗಬಹುದು. ರಕ್ತಸ್ರಾವ ನಿಂತು ಹಿಮೋಗ್ಲೋಬಿನ್ ಏರುತ್ತೆ.

ಆದರೆ ಇಂಜೆಕ್ಷನ್ ನಿಲ್ಲಿಸಿದರೆ? ಕೆಲವೇ ತಿಂಗಳಲ್ಲಿ ಗಡ್ಡೆ ಮತ್ತೆ ಹಳೇ ಗಾತ್ರಕ್ಕೆ. ಯಾಕಂದ್ರೆ ಔಷಧಿ ವಾಲ್ಯೂಮ್ ತಗ್ಗಿಸಿತೇ ಹೊರತು ಮೆಡ್12ರ ದೋಷ ಸರಿಮಾಡಲಿಲ್ಲ. ಹಾಗಂತ ವರ್ಷಗಟ್ಟಲೆ ಮುಂದುವರಿಸೋಕೂ ಆಗಲ್ಲ. ಈಸ್ಟ್ರೋಜನ್ ಇಲ್ಲದಿದ್ದರೆ ಮೂಳೆ ಸವೆಯುತ್ತೆ, ಮೈ ಬಿಸಿಯೇರುತ್ತೆ. ಅದಕ್ಕೇ ಈಗ ಸ್ವಲ್ಪ ಹಾರ್ಮೋನ್ ಸೇರಿಸಿದ ಮಾತ್ರೆಗಳು ಬಂದಿವೆ. ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ರೆಲುಗೋಲಿಕ್ಸ್ ಮಿಶ್ರಣ ಇಂಥದ್ದು. ಅದಕ್ಕೂ 24 ತಿಂಗಳ ಮಿತಿ ಹಾಕಿದ್ದಾರೆ, ಮೂಳೆಯ ಕಾರಣಕ್ಕೇ.

ಹಾಗಾದರೆ ಈ ಚಿಕಿತ್ಸೆ ವ್ಯರ್ಥವಾ? ಅಲ್ಲ. ಇದು ಕೊಡೋದು ಸಮಯ. ಆಪರೇಷನ್‌ಗೆ ಮೊದಲು ರಕ್ತ ತುಂಬಿಕೊಳ್ಳೋಕೆ, ಗಡ್ಡೆ ಕುಗ್ಗಿಸಿ ಆಪರೇಷನ್ ಸುಲಭ ಮಾಡೋಕೆ, ಮುಟ್ಟು ನಿಲ್ಲುವ ವಯಸ್ಸು ಹತ್ತಿರವಿದ್ದರೆ ಅಲ್ಲಿಯವರೆಗೆ ದಾಟೋಕೆ. ಗರ್ಭಕೋಶವನ್ನೇ ತೆಗೆಸೋದು ಒಂದೇ ದಾರಿಯೂ ಅಲ್ಲ. ಗಡ್ಡೆ ಮಾತ್ರ ತೆಗೆಯಬಹುದು, ಅದಕ್ಕೆ ಹೋಗುವ ರಕ್ತನಾಳವನ್ನು ಮುಚ್ಚಬಹುದು, ತೊಂದರೆಯೇ ಇಲ್ಲದಿದ್ದರೆ ಗಮನಿಸುತ್ತಾ ಸುಮ್ಮನಿರಬಹುದು. ಗಡ್ಡೆ ಎಲ್ಲಿದೆ, ಎಷ್ಟು ದೊಡ್ಡದು, ಮುಂದೆ ಮಕ್ಕಳು ಬೇಕಾ, ಹಿಮೋಗ್ಲೋಬಿನ್ ಎಷ್ಟಿದೆ: ನಿರ್ಧಾರಕ್ಕೆ ಮುಂಚೆ ಈ ನಾಲ್ಕು ವಿಷಯ ವೈದ್ಯರ ಜೊತೆ ಕೂತು ಮಾತಾಡಿದರೆ, ಗಡಿಬಿಡಿಯಲ್ಲಿ ಸಹಿ ಹಾಕುವ ಪರಿಸ್ಥಿತಿ ಬರಲ್ಲ.