ರಿಸೀವರ್ ಕೇಳಿದ್ರು, ಕ್ವಾರ್ಟರ್‌ಬ್ಯಾಕ್ ಬಂದ!

2020ರ ಏಪ್ರಿಲ್. ಅಮೆರಿಕನ್ ಫುಟ್‌ಬಾಲ್ ತಂಡ ಗ್ರೀನ್ ಬೇ ಪ್ಯಾಕರ್ಸ್‌ನ ಅಭಿಮಾನಿಗಳದ್ದು ಒಂದೇ ಬೇಡಿಕೆ: ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಎಸೆಯೋ ಚೆಂಡು ಹಿಡಿಯೋಕೆ ಇನ್ನೊಬ್ಬ ಒಳ್ಳೆ ರಿಸೀವರ್ ಬೇಕು. ಹಿಂದಿನ ಸೀಸನ್‌ನಲ್ಲಿ 13 ಪಂದ್ಯ ಗೆದ್ದು, ಫೈನಲ್ ಪಂದ್ಯವಾದ ಸೂಪರ್ ಬೌಲ್‌ನ ಬಾಗಿಲಲ್ಲಿ ಎಡವಿದ ತಂಡ ಅದು.

ಈ ಆಟದ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ಐಪಿಎಲ್ ಹರಾಜಿನ ಹಾಗೆ ದುಡ್ಡು ಕೂಗಲ್ಲ. ಸರದಿ ಪ್ರಕಾರ ಕಾಲೇಜು ಆಟಗಾರರನ್ನ ಆರಿಸೋದು. ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ. ಪ್ಯಾಕರ್ಸ್‌ದು 30ನೇದು. ನಾಲ್ಕನೇ ಸುತ್ತಿನ ಆಯ್ಕೆಯೊಂದನ್ನೂ ಬಿಟ್ಟುಕೊಟ್ಟು 26ಕ್ಕೆ ಜಿಗಿದ್ರು. ತಗೊಂಡಿದ್ದು ಯಾರನ್ನ? ಜೋರ್ಡನ್ ಲವ್. ಇವನೂ ಕ್ವಾರ್ಟರ್‌ಬ್ಯಾಕೇ! ರಿಸೀವರ್ ಟೀ ಹಿಗ್ಗಿನ್ಸ್ ಆಗಿನ್ನೂ ಕೈಗೆ ಸಿಗ್ತಿದ್ದ. 33ನೇ ಆಯ್ಕೆಯಾಗಿ ಸಿನ್ಸಿನಾಟಿ ಪಾಲಾದ. ಏಳು ಸುತ್ತು ಮುಗಿದ್ರೂ ಪ್ಯಾಕರ್ಸ್ ಒಬ್ಬ ರಿಸೀವರನ್ನೂ ಆರಿಸಲಿಲ್ಲ.

ಅಭಿಮಾನಿಗಳು ಕೆಂಡವಾದ್ರು. ಆಗದೇ ಇರ್ತಾರಾ? ಈ ತಂಡದ ಷೇರು ಇರೋದೇ ಲಕ್ಷಾಂತರ ಅಭಿಮಾನಿಗಳ ಹತ್ರ.

ಆಮೇಲೆ ರಾಜರ್ಸ್ 2020, 2021 ಎರಡೂ ಸೀಸನ್‌ಗೆ ಎಂವಿಪಿ, ಅಂದ್ರೆ ಲೀಗ್‌ನ ಅತ್ಯಮೂಲ್ಯ ಆಟಗಾರ, ಆದ್ರು. ಆದ್ರೆ ಸೂಪರ್ ಬೌಲ್ ಸಿಗಲಿಲ್ಲ. 2020ರ ಸೀಸನ್‌ನಲ್ಲಿ ಅದಕ್ಕೆ ಒಂದೇ ಹೆಜ್ಜೆ ಮೊದಲು ಟ್ಯಾಂಪಾ ಬೇ ಎದುರು 31–26ರಲ್ಲಿ ಕೈತಪ್ಪಿತು. ಅಲ್ಲಿ ಇನ್ನೊಬ್ಬ ರಿಸೀವರ್ ಇದ್ದಿದ್ರೆ? ಆ ಸಿಟ್ಟು ನನ್ನ ಪ್ರಕಾರ ನ್ಯಾಯವಾದದ್ದೇ.

ಹಾಗಂತ ಲವ್ ಕೆಟ್ಟ ಆಯ್ಕೆ ಅಂತ ಒಪ್ಪಲಾರೆ. ರಾಜರ್ಸ್ 2023ರಲ್ಲಿ ಜೆಟ್ಸ್ ತಂಡಕ್ಕೆ ಹೋದ ಮೇಲೆ ಚುಕ್ಕಾಣಿ ಹಿಡಿದವನು, ಅದೇ ಸೀಸನ್‌ನ ಪ್ಲೇಆಫ್‌ನಲ್ಲಿ ಡಲ್ಲಾಸನ್ನ ಅವರ ಅಂಗಳದಲ್ಲೇ 48–32ರಿಂದ ಬಗ್ಗುಬಡಿದ.