ಮನಸ್ಸಿಗೊಂದು ಪಿಗ್ಮಿ

ಪಡುಬಿದ್ರಿಯಿಂದ ಕಾರ್ಕಳದತ್ತ ಹೋಗುವ ದಾರಿಯಲ್ಲಿ ನಂದಿಕೂರು ಸಿಗುತ್ತದೆ. ಈ ಕಡೆಯ ಅಂಗಡಿಗಳಲ್ಲಿ ‘ಪಿಗ್ಮಿ’ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಉಳಿತಾಯದ ಹಣ ಪಡೆಯಲು ಪಿಗ್ಮಿಯವರು ದಿನಾ ಬರುತ್ತಾರೆ. ವ್ಯಾಪಾರ ಕುದುರಿದ ದಿನವೂ ಕುದುರದ ದಿನವೂ ಗಲ್ಲಾಪೆಟ್ಟಿಗೆಯಿಂದ ಐವತ್ತೋ ನೂರೋ ಅವರ ಕೈ ಸೇರುತ್ತದೆ. ಇವತ್ತು ಉಳಿಸೋಣವೇ, ಬೇಡವೇ ಎಂಬ ಯೋಚನೆಗೆ ಅಲ್ಲಿ ಎಡೆಯೇ ಇಲ್ಲ.

ಈ ಪದ್ಧತಿ ಬೆಳೆದದ್ದು ನಮ್ಮ ಉಡುಪಿಯಲ್ಲೇ. ಕೈಮಗ್ಗದ ನೇಕಾರರು ಸಂಕಷ್ಟದಲ್ಲಿದ್ದ ಕಾಲದಲ್ಲಿ, 1925ರಲ್ಲಿ, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು. ಬ್ಯಾಂಕಿನವರೇ ಮನೆಬಾಗಿಲಿಗೆ ಬಂದು ಪಡೆಯುತ್ತಿದ್ದರು.

ದುಡಿಮೆಗಾರರಿಗೆ ಉಳಿತಾಯದ ಬುದ್ಧಿ ಹೇಳುವುದರ ಬದಲು ಉಳಿತಾಯದ ದಾರಿಯನ್ನೇ ಸಲೀಸು ಮಾಡಿದ್ದು ಪಿಗ್ಮಿಯ ಹೆಚ್ಚುಗಾರಿಕೆ. ಮೊತ್ತ ಚಿಕ್ಕದು, ಹೊತ್ತು ಗೊತ್ತಾದದ್ದು, ನೆನಪಿಸಲು ಒಬ್ಬರು ಬಂದೇ ಬರುತ್ತಾರೆ. ಮನಸ್ಸಿನ ನೆಮ್ಮದಿಗೆ ಬೇಕಾದ ಶಿಸ್ತಿನ ಬಗ್ಗೆ ಮನೋವಿಜ್ಞಾನಿಗಳು ಈಗ ಹೇಳುತ್ತಿರುವುದೂ ಬಹುಮಟ್ಟಿಗೆ ಇದನ್ನೇ.

ಶಿಸ್ತು ಎಂದಕೂಡಲೇ ನಮ್ಮ ಕಣ್ಣಮುಂದೆ ಬರುವುದು ಹಲ್ಲುಕಚ್ಚಿ ಆಸೆಯನ್ನು ಅದುಮುವ ಚಿತ್ರ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 1960ರ ದಶಕದ ಕೊನೆಯಲ್ಲಿ ವಾಲ್ಟರ್ ಮಿಶೆಲ್ ಪುಟ್ಟ ಮಕ್ಕಳ ಮುಂದೆ ಒಂದು ಸಿಹಿತಿಂಡಿ ಇಟ್ಟು, ಸ್ವಲ್ಪ ಹೊತ್ತು ಕಾದರೆ ಎರಡು ಕೊಡುತ್ತೇನೆ ಎಂದ ಪ್ರಯೋಗ ಪ್ರಸಿದ್ಧ. ಆದರೆ ಅಲ್ಲಿ ಹೆಚ್ಚು ಹೊತ್ತು ಕಾಯಲು ನೆರವಾದದ್ದು ತಿಂಡಿಯನ್ನೇ ದಿಟ್ಟಿಸುತ್ತಾ ಸೆಣಸಾಡುವುದಲ್ಲ. ಕಣ್ಣು ಮುಚ್ಚಿಕೊಂಡವರು, ಬೆನ್ನು ತಿರುಗಿಸಿ ಕೂತವರು, ಹಾಡು ಗುನುಗಿಕೊಂಡವರು ಹೋರಾಡುವ ಗೊಡವೆಯನ್ನೇ ತಪ್ಪಿಸಿಕೊಂಡರು. ಕಾಯುವ ಮಕ್ಕಳೇ ಬದುಕಿನಲ್ಲಿ ಗೆಲ್ಲುತ್ತಾರೆ ಎಂಬ ಮಾತೂ ಮುಂದೆ ಹಬ್ಬಿತು. 2018ರಲ್ಲಿ ಹೆಚ್ಚು ಮಕ್ಕಳ ಮಾಹಿತಿ ಹಿಡಿದು ನೋಡಿದಾಗ ಆ ನಂಟು ಸಡಿಲವಾಗಿತ್ತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡರಂತೂ ಇನ್ನಷ್ಟು ತೆಳುವಾಯಿತು. ಶಿಸ್ತಿಲ್ಲ ಎಂದು ಒಬ್ಬರನ್ನು ದೂರುವ ಮೊದಲು ಅವರ ಮನೆಯ ಒಲೆಯ ಕಡೆಗೂ ನೋಡಬೇಕು.

2012ರಲ್ಲಿ ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು ಜರ್ಮನಿಯಲ್ಲಿ 205 ಜನರನ್ನು ಒಂದು ವಾರ ದಿನಕ್ಕೆ ಹಲವು ಬಾರಿ ವಿಚಾರಿಸಿ, ಈಗ ಯಾವ ಆಸೆ ಕಾಡುತ್ತಿದೆ ಎಂದು ಬರೆಸಿಕೊಂಡರು. ಸಂಯಮ ಹೆಚ್ಚಿರುವವರು ಆಸೆಯೊಡನೆ ಹೆಚ್ಚು ಕಾದಾಡುತ್ತಾರೆ ಎಂದು ಯಾರಾದರೂ ಊಹಿಸಬಹುದು. ಕಂಡದ್ದು ಅದಲ್ಲ. ಅವರ ಒಳಗೆ ಜಗಳವೇ ಕಡಿಮೆ ಇತ್ತು. ಅಂಥವರಿಗೆ ಬದುಕಿನಲ್ಲಿ ತೃಪ್ತಿ ಹೆಚ್ಚು, ಅದಕ್ಕೆ ಈ ಕಡಿಮೆ ಜಗಳವೂ ಒಂದು ಕಾರಣ ಎಂದು ಅದೇ ತಂಡ 2014ರಲ್ಲಿ ತೋರಿಸಿತು.

ಜಗಳ ಕಡಿಮೆಯಾಗುವುದು ಅಭ್ಯಾಸದಿಂದ. ಹೊಸ ಕೆಲಸಕ್ಕೆ ಹಣೆಯ ಹಿಂದಿರುವ ಮಿದುಳಿನ ಭಾಗ ಪ್ರತಿ ಹೆಜ್ಜೆಗೂ ಲೆಕ್ಕ ಹಾಕಬೇಕು. ಅದೇ ಕೆಲಸ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ನಡೆದರೆ ಅದರ ಹೊಣೆಯ ಬಹುಪಾಲು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗಕ್ಕೆ ಜಾರುತ್ತದೆ. ಲಂಡನ್ನಿನಲ್ಲಿ ಫಿಲಿಪಾ ಲಾಲಿ 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಹೀಗೆ ರೂಢಿಯಾಗಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನದ ಅಂದಾಜು ಬಂತು. 21 ದಿನದಲ್ಲಿ ಅಭ್ಯಾಸ ಕೂಡುತ್ತದೆ ಎಂಬ ಸೂತ್ರ ನಂಬಿ ಸೋತೆನೆಂದು ಕುಗ್ಗಿದವರು ಈ ಅಂಕಿಗಳನ್ನು ನೋಡಬೇಕು.

ಹಾಗಾದರೆ ಮನಸ್ಸೇ ಮಂಕಾದಾಗ ಏನು ಮಾಡುವುದು? ನಂದಿಕೂರನ್ನು ಹಾದು ಹೋಗುವ ಕೊಂಕಣ ರೈಲು ಹಳಿಯ ಗುಂಟ ಉತ್ತರಕ್ಕೆ ಹೋದರೆ ಗೋವಾ. ಅಲ್ಲಿ ವಿಕ್ರಮ್ ಪಟೇಲ್ ಅವರ ತಂಡ ತೀವ್ರ ಖಿನ್ನತೆಯಿದ್ದ 495 ಜನರೊಂದಿಗೆ ಒಂದು ಪ್ರಯೋಗ ನಡೆಸಿತು. ವೈದ್ಯರಲ್ಲದ, ತರಬೇತಿ ಪಡೆದ ಆಪ್ತಸಲಹೆಗಾರರು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ರೋಗಿಗಳೊಡನೆ ಆರೆಂಟು ಬಾರಿ ಕೂತು ಮಾತಾಡಿದರು. ಬಿಟ್ಟುಹೋದ ಕೆಲಸಗಳಲ್ಲಿ ಮನಸ್ಸಿಗೆ ಹಿತವಾದ ಒಂದನ್ನು ಆರಿಸಿ, ಚಿಕ್ಕದಾಗಿ, ಗೊತ್ತಾದ ಹೊತ್ತಿಗೆ ಮತ್ತೆ ಶುರು ಮಾಡಿಸುವುದೇ ಅದರ ತಿರುಳು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎಂದು ಕಾಯುವುದಿಲ್ಲ. ಮಾಡುತ್ತಾ ಹೋದಂತೆ ಮನಸ್ಸು ಬರುತ್ತದೆ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ತಿಂಗಳಲ್ಲಿ ಈ ಸಲಹೆ ಪಡೆದವರ ಪೈಕಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದರು. ಅದು ಸಿಗದೆ ಎಂದಿನ ಆರೈಕೆಯಲ್ಲೇ ಇದ್ದವರಲ್ಲಿ ಆ ಪ್ರಮಾಣ ಶೇ. 39.

ಆದರೆ ಗೋವಾದ ಆ ರೋಗಿಗಳ ಪಕ್ಕದಲ್ಲಿ ಒಬ್ಬರು ಕೂತಿದ್ದರು ಎಂಬುದನ್ನು ಮರೆಯಬಾರದು. ಖಿನ್ನತೆ ಸೋಮಾರಿತನವಲ್ಲ. ಹಾಸಿಗೆಯಿಂದ ಏಳುವ ಶಕ್ತಿಯನ್ನೇ ಅದು ಹೀರುತ್ತದೆ. ಅಂಥವರಿಗೆ “ಎದ್ದು ಏನಾದರೂ ಮಾಡು” ಎಂದು ಗದರುವುದು ಗಾಯದ ಮೇಲೆ ಬರೆ. ಎರಡು ವಾರ ದಾಟಿಯೂ ಬೇಸರ, ನಿದ್ದೆಗೇಡು, ಬದುಕೇ ಬೇಡವೆಂಬ ಭಾವ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರಂತೂ ಎರಡು ವಾರ ಕಾಯಬಾರದು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಉಳಿದ ನಮಗೆ ದಿನದ ಎರಡಾಣೆ ಸಾಕು. ಬೆಳಿಗ್ಗೆ ಚಹಾ ಕುಡಿದ ಲೋಟ ತೊಳೆದಿಟ್ಟ ಕೂಡಲೇ ಹತ್ತು ನಿಮಿಷದ ನಡಿಗೆ. ರಾತ್ರಿ ಊಟದ ನಂತರ ಮೊಬೈಲಿಗೆ ಮಲಗುವ ಕೋಣೆಯ ಹೊರಗೆ ಚಾರ್ಜು. ಸಂಜೆ ಜೊತೆಗೆ ನಡೆಯಲು ಪಕ್ಕದ ಮನೆಯವರೊಬ್ಬರು. ಅವರು ಗೇಟಿನ ಬಳಿ ನಿಂತು ಕರೆದರೆ ಪಿಗ್ಮಿಯವರು ಬಂದಂತೆಯೇ.

ಒಂದು ದಿನ ತಪ್ಪಿದರೆ? ಲಾಲಿಯವರ ಅಧ್ಯಯನದಲ್ಲಿ ಒಂದೊಂದು ದಿನ ತಪ್ಪಿದ್ದರಿಂದ ಅಭ್ಯಾಸವೇನೂ ಕೆಡಲಿಲ್ಲ. ಇದು ಅಂಗಡಿಯವರಿಗೆ ಮೊದಲೇ ಗೊತ್ತು. “ಇವತ್ತು ಆಗಲಿಲ್ಲ ಮಾರಾಯ್ರೆ” ಎಂದರೆ ಪಿಗ್ಮಿಯವರು ಬೈಯುವುದಿಲ್ಲ, ಪುಸ್ತಕ ಮುಚ್ಚಿ ಖಾತೆ ಮುಗಿಸುವುದೂ ಇಲ್ಲ. “ಅಡ್ಡಿಲ್ಲ, ನಾಳೆ ಬರ್ತೇನೆ” ಎಂದು ಮುಂದಿನ ಅಂಗಡಿಗೆ ಹೋಗುತ್ತಾರೆ. ನಮ್ಮ ಮನಸ್ಸಿನೊಂದಿಗೆ ನಾವೂ ಹಾಗೇ ಮಾತಾಡಲು ಕಲಿಯಬೇಕು.